ಟೆಕ್ಸಸ್‌ನ ಹೋಟೆಲು ಬಾಗಿಲಲ್ಲಿ ನಿಂತು ಕಂಡದ್ದು

ಕಳೆದ ದೀಪಾವಳಿಯ ಮರುದಿನ ಸಾಗರದ ಕಡೆಯಿಂದ ಭಾವನವರ ಫೋನು ಬಂದಿತು. ಕುಶಲೋಪರಿಯೆಲ್ಲ ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀನು ಮಾಡುತ್ತಿರುವಂಥದ್ದೇ ಒಂದು ಕೆಲಸ ನಮ್ಮ ಹುಡುಗನಿಗೂ ಕೊಡಿಸಲು ಆಗುತ್ತದೆಯೇ?’ ಎಂದು ಕೇಳಿದರು. ಅವರ ಮಗ 2024ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲೆಂದು ಡಲ್ಲಾಸ್‌ಗೆ ಬಂದವನು. ಇತ್ತ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿ ಅಡಿಕೆಯ ಫಸಲು ಎರಡು ವರ್ಷದಿಂದ ಕೈಕೊಟ್ಟಿದೆ. ಬ್ಯಾಂಕಿನ ಬಡ್ಡಿಯಂತೂ ರೋಗ ರುಜಿನ ನೋಡುವುದಿಲ್ಲ. ‘ಬಾಗಿಲ ಬಳಿ ನಿಂತು ಬಂದವರನ್ನು ಕೂರಿಸುವುದಕ್ಕೆ ಗಂಟೆಗೆ ಸಾವಿರ ರೂಪಾಯಿ ಕೊಡುತ್ತಾರಂತೆ, ಹೌದೇ?’ ಎಂಬುದು ಅವರ ಎರಡನೆಯ ಪ್ರಶ್ನೆ.

ಎರಡಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಕೊಡುವುದು ನನ್ನಿಂದಾಗಲಿಲ್ಲ. ಎರಡನೆಯದಕ್ಕೆ ಹೌದು ಎನ್ನಬೇಕಿತ್ತು, ಮೊದಲನೆಯದಕ್ಕೆ ಆಗುವುದಿಲ್ಲ ಎನ್ನಬೇಕಿತ್ತು. ಹಾಗೆಂದಾಗ ಕೇಳುವವರಿಗೆ ಅದು ಸ್ವಾರ್ಥದ ಮಾತಿನಂತೆ ಕೇಳಿಸುತ್ತದೆ. ಅಂದು ಫೋನಿನಲ್ಲಿ ಸರಿಯಾಗಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ಮನೆಗಳಿಂದ ಇಲ್ಲಿನ ಕನ್ನಡಿಗರಿಗೆ ಬರುತ್ತಲೇ ಇರುತ್ತದೆ.

ಈ ಕೆಲಸದ ಹೆಸರು ಹೋಸ್ಟ್, ಹೆಂಗಸರಾದರೆ ಹೋಸ್ಟೆಸ್. ಹೋಟೆಲಿನ ಮುಂಬಾಗಿಲ ಬಳಿಯ ಸಣ್ಣ ಮೇಜಿನ ಹಿಂದೆ ನಿಂತು, ಬಂದವರನ್ನು ನಗುಮುಖದಿಂದ ಎದುರುಗೊಂಡು, ಎಷ್ಟು ಮಂದಿ ಎಂದು ಕೇಳಿ, ಅವರನ್ನು ಜಾಗಕ್ಕೆ ಕರೆದೊಯ್ದು, ಮೆನು ಕೈಗಿತ್ತು ಹಿಂದಿರುಗುವುದು. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಹೆಸರು ಬರೆಸಿ, ಕರೆಯುವವರೆಗೆ ಕಾದು ದೋಸೆ ತಿಂದವರಿಗೆ ಇದು ತೀರ ಅಪರಿಚಿತ ಉದ್ಯೋಗವಲ್ಲ. ಅಲ್ಲಿ ಚೀಟಿ ಹಿಡಿದು ಹೆಸರು ಕೂಗುವವರು ಮಾಡುವುದೂ ಇದನ್ನೇ. ನಮ್ಮ ದರ್ಶಿನಿಗಳಲ್ಲಿ ಈ ಕೆಲಸವಿಲ್ಲ, ಏಕೆಂದರೆ ಅಲ್ಲಿ ಕೂರಿಸುವ ಪ್ರಶ್ನೆಯೇ ಇಲ್ಲ. ಅಮೆರಿಕದಲ್ಲಿಯೂ ಹಾಗೆಯೇ. ಕೌಂಟರಿನಲ್ಲಿ ಹಣ ಕೊಟ್ಟು ತಟ್ಟೆ ಎತ್ತಿಕೊಳ್ಳುವ ಕಡೆ ಹೋಸ್ಟ್ ಬೇಕಿಲ್ಲ, ಕುಳಿತು ತಿನ್ನುವ ಕಡೆ ಬೇಕು. ದೇಶದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಈ ಕೆಲಸದಲ್ಲಿದ್ದಾರೆ. ಪದವಿ ಬೇಡ, ಹಿಂದಿನ ಅನುಭವವೂ ಬೇಡ, ಕೆಲವು ದಿನಗಳ ತರಬೇತಿ ಸಾಕು.

ಇಂಥ ಕುಳಿತು ತಿನ್ನುವ ಮಧ್ಯಮ ದರ್ಜೆಯ ಹೋಟೆಲುಗಳ ಇತಿಹಾಸದಲ್ಲಿ ಡಲ್ಲಾಸ್‌ಗೆ ದೊಡ್ಡ ಸ್ಥಾನವಿದೆ. ನಾರ್ಮನ್ ಬ್ರಿಂಕರ್ ಎಂಬುವವರು 1966ರಲ್ಲಿ ‘ಸ್ಟೇಕ್ ಅಂಡ್ ಏಲ್’ ಆರಂಭಿಸಿದ್ದು ಇಲ್ಲಿಯೇ. ಇಂದು ದೇಶದುದ್ದಕ್ಕೂ ಕಾಣುವ ‘ಚಿಲೀಸ್’ 1975ರಲ್ಲಿ ಹುಟ್ಟಿದ್ದು ಇದೇ ಊರಿನ ಗ್ರೀನ್‌ವಿಲ್ ಅವೆನ್ಯೂದಲ್ಲಿ. ಮುಂದೆ ಅದೂ ಬ್ರಿಂಕರ್ ಅವರ ಕೈಸೇರಿತು. ಹೂಸ್ಟನ್‌ನಲ್ಲಿ ಲ್ಯಾಂಡ್ರೀಸ್, ಪ್ಯಾಪಸ್ ಕಂಪನಿಗಳ ಕೇಂದ್ರಗಳಿವೆ. ಆಸ್ಟಿನ್‌ನಲ್ಲಿ 1982ರಲ್ಲಿ ‘ಚೂಯೀಸ್’ ಹುಟ್ಟಿತು. (ಹೆಸರಿನಲ್ಲಿಯೇ ಟೆಕ್ಸಸ್ ಇರುವ ‘ಟೆಕ್ಸಸ್ ರೋಡ್‌ಹೌಸ್’ ಮಾತ್ರ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದ್ದು. ಊರಿನಿಂದ ಬಂದವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.) ಈ ಮೂರೂ ನಗರಗಳಲ್ಲಿ ಹೋಟೆಲಿನ ಬಾಗಿಲಿಗೆ ಜನ ಬೇಕಾಗಿದ್ದಾರೆ ಎಂಬ ಫಲಕ ವರ್ಷದ ಯಾವ ತಿಂಗಳಲ್ಲಿಯೂ ಕಾಣಸಿಗುತ್ತದೆ. ಜನ ಬಂದಷ್ಟೇ ಬೇಗ ಬಿಟ್ಟು ಹೋಗುವ ಕೆಲಸವಾದ್ದರಿಂದ ಬೇಡಿಕೆ ಬತ್ತುವುದಿಲ್ಲ.

ನಾನು ಈ ಬಾಗಿಲಿಗೆ ಬಂದದ್ದು ಸುತ್ತುಬಳಸಿನ ದಾರಿಯಿಂದ. ಶಿವಮೊಗ್ಗದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು 2009ರಲ್ಲಿ ಪತಿಯೊಂದಿಗೆ ಡಲ್ಲಾಸ್‌ನ ಉತ್ತರಕ್ಕಿರುವ ಪ್ಲೇನೊಗೆ ಬಂದೆ. ಅವರದು ಎಚ್-1ಬಿ, ನನ್ನದು ಅದಕ್ಕೆ ಅಂಟಿಕೊಂಡ ಎಚ್-4. ಆ ಕಾಲದಲ್ಲಿ ಎಚ್-4 ವೀಸಾದವರು ಒಂದು ಡಾಲರನ್ನೂ ದುಡಿಯುವಂತಿರಲಿಲ್ಲ. ಆರು ವರ್ಷ ಮನೆಯಲ್ಲಿ ಕುಳಿತೆ. ಕುಳಿತೆ ಎನ್ನುವುದು ಮಾತಿಗಷ್ಟೇ, ಇಬ್ಬರು ಮಕ್ಕಳನ್ನು ಸಾಕಿದೆ. ಆದರೂ ಅಂಗಡಿಯಲ್ಲಿ ಒಂದು ಸೀರೆಪಿನ್ನು ಕೊಳ್ಳುವಾಗಲೂ ಮತ್ತೊಬ್ಬರ ಕಾರ್ಡು ತೆಗೆಯಬೇಕಾದ ಸಂಕಟ ಅನುಭವಿಸಿದವರಿಗೇ ಗೊತ್ತು. 2015ರ ಮೇ 26ರಿಂದ ನಿಯಮ ಬದಲಾಯಿತು. ಪತಿ ಅಥವಾ ಪತ್ನಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅರ್ಜಿ ಮಂಜೂರಾಗಿದ್ದರೆ ಎಚ್-4ನವರೂ ಕೆಲಸದ ಪರವಾನಗಿ ಪಡೆಯಬಹುದು ಎಂದಾಯಿತು. ನನ್ನ ಕಾರ್ಡು ಬಂದಾಗ ನನಗೆ ಮೂವತ್ತೆಂಟು ವರ್ಷ. ಇಲ್ಲಿ ಶಿಕ್ಷಕಿಯಾಗಲು ಪ್ರಮಾಣಪತ್ರ ಪಡೆಯಬೇಕಿತ್ತು, ಅದಕ್ಕೆ ಸಮಯ, ಹಣ ಎರಡೂ ಬೇಕಿತ್ತು. ಮನೆಯಿಂದ ಎರಡು ಮೈಲಿ ದೂರದ ಹೋಟೆಲಿನಲ್ಲಿ ಸಂಜೆಯ ಹೊತ್ತಿಗೆ ಹೋಸ್ಟೆಸ್ ಬೇಕೆಂಬ ಫಲಕವಿತ್ತು. ಒಳಗೆ ಹೋಗಿ ಅರ್ಜಿ ತುಂಬಿದೆ. ಹದಿನೈದು ನಿಮಿಷದ ಮಾತುಕತೆ. ಶುಕ್ರವಾರ, ಶನಿವಾರ ಬರಲಾಗುತ್ತದೆಯೇ ಎಂಬುದೊಂದೇ ಅವರಿಗೆ ಮುಖ್ಯವಾದ ಪ್ರಶ್ನೆಯಾಗಿತ್ತು.

ಊರಿನಲ್ಲಿ ಯಾರಿಗೂ ಹೇಳಲಿಲ್ಲ. ಮೇಷ್ಟರ ಮಗಳು ಹೋಟೆಲಿನ ಬಾಗಿಲಲ್ಲಿ ನಿಂತಿದ್ದಾಳೆ ಎಂದರೆ ಅಪ್ಪನಿಗೆ ಹೇಗಾದೀತು ಎಂಬ ಅಳುಕು. ಒಂದು ವರ್ಷದ ನಂತರ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ನಿಂತು ನಿಂತು ಕಾಲು ನೋಯುವುದಿಲ್ಲವೇನಮ್ಮ?’ ನೋಯುತ್ತಿತ್ತು. ಈಗಲೂ ನೋಯುತ್ತದೆ. ಆರು ಗಂಟೆಯ ಪಾಳಿಯಲ್ಲಿ ಕೂರಲು ಅವಕಾಶವಿಲ್ಲ, ಮತ್ತು ಊಟದ ಬಿಡುವು ಕೊಡಲೇಬೇಕೆಂಬ ಕಾನೂನು ವಯಸ್ಕ ನೌಕರರಿಗೆ ಟೆಕ್ಸಸ್‌ನಲ್ಲಿಲ್ಲ. ಹೊಸಬರಿಗೆ ನಾನು ಮೊದಲು ಹೇಳುವುದು ಒಳ್ಳೆಯ ಪಾದರಕ್ಷೆ ಕೊಳ್ಳಿರೆಂದು.

ನಗುತ್ತಾ ನಿಲ್ಲುವುದೇ ಕೆಲಸ ಎಂದು ನಾನೂ ಭಾವಿಸಿದ್ದೆ. ಮೊದಲ ಶುಕ್ರವಾರವೇ ಆ ಭ್ರಮೆ ಹರಿಯಿತು. ಹೋಟೆಲಿನ ಮೇಜುಗಳನ್ನು ವಿಭಾಗಗಳಾಗಿ ಹಂಚಿ ಒಬ್ಬೊಬ್ಬ ಸರ್ವರ್‌ಗೆ ಒಂದೊಂದು ವಿಭಾಗ ಕೊಟ್ಟಿರುತ್ತಾರೆ. ಬಂದವರನ್ನು ಸರದಿಯ ಪ್ರಕಾರ ಎಲ್ಲ ವಿಭಾಗಗಳಿಗೂ ಹಂಚುತ್ತ ಹೋಗಬೇಕು. ನಾನು ಗಲಿಬಿಲಿಯಲ್ಲಿ ಐದು ನಿಮಿಷದೊಳಗೆ ಮೂರು ಕುಟುಂಬಗಳನ್ನು ಒಬ್ಬಳೇ ಸರ್ವರ್‌ನ ವಿಭಾಗದಲ್ಲಿ ಕೂರಿಸಿಬಿಟ್ಟೆ. ಅವಳು ಮೂರು ಮೇಜಿಗೆ ಒಟ್ಟಿಗೆ ನೀರು ಕೊಡಲಾರದೆ, ಆರ್ಡರು ತೆಗೆದುಕೊಳ್ಳಲಾರದೆ ಒದ್ದಾಡಿದಳು. ಮೂರೂ ಕಡೆ ಗಿರಾಕಿಗಳು ಸಿಡುಕಿದರು, ಮೂರೂ ಕಡೆ ಭಕ್ಷೀಸು ಕಡಿಮೆಯಾಯಿತು. ಇನ್ನೊಂದು ತುದಿಯಲ್ಲಿದ್ದ ಸರ್ವರ್ ಮುಕ್ಕಾಲು ಗಂಟೆ ಖಾಲಿ ಮೇಜುಗಳ ನಡುವೆ ನಿಂತಿದ್ದ. ಪಾಳಿ ಮುಗಿದ ಮೇಲೆ ಅವಳು ಬೈಯಲಿಲ್ಲ. ಅಂದು ತನಗೆ ಎಷ್ಟು ಸಿಕ್ಕಿತು, ಸಾಮಾನ್ಯ ಶುಕ್ರವಾರಗಳಲ್ಲಿ ಎಷ್ಟು ಸಿಗುತ್ತದೆ ಎಂಬ ಎರಡು ಸಂಖ್ಯೆಗಳನ್ನಷ್ಟೇ ಹೇಳಿ ಹೋದಳು.

ಆ ಎರಡು ಸಂಖ್ಯೆಗಳು ಅರ್ಥವಾಗಬೇಕಾದರೆ ಇಲ್ಲಿನ ವೇತನದ ಲೆಕ್ಕ ಗೊತ್ತಿರಬೇಕು. ಅಮೆರಿಕದ ಕೇಂದ್ರ ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್, 2009ರಿಂದ ಅದು ಏರಿಲ್ಲ. ಅನೇಕ ರಾಜ್ಯಗಳು ಅದಕ್ಕಿಂತ ಹೆಚ್ಚು ಕೊಡಬೇಕೆಂದು ತಮ್ಮದೇ ಕಾನೂನು ಮಾಡಿಕೊಂಡಿವೆ. ಟೆಕ್ಸಸ್ ಮಾಡಿಲ್ಲ, ತನ್ನ ನಗರಗಳು ಖಾಸಗಿ ಮಾಲೀಕರ ಮೇಲೆ ಬೇರೆ ದರ ಹೇರುವುದಕ್ಕೂ ಬಿಡುವುದಿಲ್ಲ. ಭಕ್ಷೀಸು ಪಡೆಯುವ ನೌಕರರಿಗಾದರೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದದ್ದು ಗಂಟೆಗೆ 2.13 ಡಾಲರ್ ಮಾತ್ರ. ಈ ಅಂಕಿ 1991ರಿಂದ ಅಲುಗಾಡಿಲ್ಲ. ಭಕ್ಷೀಸು ಸೇರಿಸಿದರೂ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. ಹೀಗಾಗಿ ಸರ್ವರ್‌ನ ನಿಜವಾದ ಸಂಬಳ ಗಿರಾಕಿಯ ಜೇಬಿನಲ್ಲಿದೆ, ಗಿರಾಕಿ ಯಾರ ಮೇಜಿಗೆ ಹೋಗುತ್ತಾನೆಂಬುದು ಹೋಸ್ಟ್‌ನ ಕೈಯಲ್ಲಿದೆ. ನಾನು ಮಾಡಿದ ಒಂದು ತಪ್ಪು ಒಬ್ಬ ತಾಯಿಯ ಆ ವಾರದ ಮನೆಬಾಡಿಗೆಯಲ್ಲಿ ಕೊರತೆಯಾಗಿ ಕಾಣಿಸಿಕೊಂಡಿತ್ತು.

ಇನ್ನು ಹೋಸ್ಟ್‌ನ ಸಂಬಳ. ಸಾಮಾನ್ಯವಾಗಿ ಹೋಸ್ಟ್‌ಗೆ 2.13ರ ಬದಲು ಪೂರ್ಣ ಗಂಟೆಯ ದರ ಕೊಡುತ್ತಾರೆ. ಪ್ಲೇನೊ, ಫ್ರಿಸ್ಕೊ ಸುತ್ತಮುತ್ತ ಈಚೆಗೆ ನಾನು ಕಂಡ ಫಲಕಗಳಲ್ಲಿ ಅದು 11ರಿಂದ 15 ಡಾಲರಿನ ನಡುವೆ ಇತ್ತು. ಅದರ ಮೇಲೆ ಸರ್ವರ್‌ಗಳು ತಮ್ಮ ಭಕ್ಷೀಸಿನಿಂದ ಸಣ್ಣ ಪಾಲೊಂದನ್ನು ಹೋಸ್ಟ್‌ಗೆ ಬಿಟ್ಟುಕೊಡುವ ಪದ್ಧತಿ ಅನೇಕ ಕಡೆ ಇದೆ. ಕೆಲವು ಹೋಟೆಲುಗಳು ಹೋಸ್ಟ್‌ನನ್ನೂ ಭಕ್ಷೀಸಿನ ನೌಕರನೆಂದೇ ಲೆಕ್ಕ ಹಿಡಿದು ಕಡಿಮೆ ದರ ಕೊಡುತ್ತವೆ. ಆದ್ದರಿಂದ ಕೆಲಸಕ್ಕೆ ಸೇರುವ ಮುನ್ನ ಗಂಟೆಯ ದರ ಎಷ್ಟು, ಭಕ್ಷೀಸಿನ ಪಾಲು ಹೇಗೆ, ವಾರಕ್ಕೆ ಎಷ್ಟು ಗಂಟೆ ಎಂದು ಮೂರನ್ನೂ ಕೇಳಿಕೊಳ್ಳಬೇಕು. ಮೂರನೆಯ ಪ್ರಶ್ನೆಯನ್ನು ಹೊಸಬರು ಕೇಳುವುದೇ ಇಲ್ಲ, ಎಲ್ಲ ಲೆಕ್ಕ ತಪ್ಪುವುದು ಅಲ್ಲಿಯೇ.

ಭಾವನವರು ಹೇಳಿದ ಗಂಟೆಗೆ ಸಾವಿರ ರೂಪಾಯಿಯನ್ನೇ ಹಿಡಿಯೋಣ. ಅದು ಹೆಚ್ಚುಕಡಿಮೆ 12 ಡಾಲರ್. ಊರಿನಲ್ಲಿ ಕುಳಿತು ಅದನ್ನು ದಿನಕ್ಕೆ ಎಂಟರಿಂದ, ತಿಂಗಳಿಗೆ ಇಪ್ಪತ್ತಾರರಿಂದ ಗುಣಿಸಿದರೆ ಎರಡು ಲಕ್ಷ ದಾಟುತ್ತದೆ. ಆದರೆ ಹೋಸ್ಟ್‌ಗೆ ವಾರಕ್ಕೆ ನಲವತ್ತು ಗಂಟೆ ಸಿಗುವುದು ಅಪರೂಪ. ವಾರಕ್ಕೆ ಸರಾಸರಿ 30 ಗಂಟೆ ದುಡಿಯುವವರಿಗೆ ದೊಡ್ಡ ಕಂಪನಿಗಳು ಆರೋಗ್ಯ ವಿಮೆ ಒದಗಿಸಬೇಕಾದ ಕಾನೂನಿರುವುದರಿಂದ ಅದರ ಕೆಳಗೇ ನಿಲ್ಲಿಸುವ ರೂಢಿಯಿದೆ. 25 ಗಂಟೆಗೆ 300 ಡಾಲರ್. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್‌ಗೆಂದು 7.65 ಶೇಕಡಾ ಕಳೆದರೆ 277. ತಿಂಗಳಿಗೆ 1,200 ಡಾಲರಿನ ಆಸುಪಾಸು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದಿರುವುದೊಂದು ಸಮಾಧಾನ. ಆದರೂ ನಮ್ಮ ಕಡೆ ಒಂದು ಮಲಗುಕೋಣೆಯ ಮನೆಯ ಬಾಡಿಗೆಯನ್ನು ಒಬ್ಬರೇ ಕಟ್ಟುವುದಕ್ಕೆ ಈ ಹಣ ಸಾಲದು. ಕಾರಿಲ್ಲದೆ ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ ಮನೆ ಸೇರುವುದು ಈ ಊರುಗಳಲ್ಲಿ ಕಷ್ಟ. ಕಾರಿಗೆ ಕಂತು, ವಿಮೆ, ಪೆಟ್ರೋಲು. ಮನೆಯಲ್ಲಿ ಇನ್ನೊಂದು ಸಂಬಳ ಇದ್ದುದರಿಂದ ನನಗೆ ಇದು ಸ್ವಾತಂತ್ರ್ಯದ ಹಣವಾಯಿತು. ಇದನ್ನೇ ನಂಬಿ ಸಾಲ ತೀರಿಸುತ್ತೇನೆಂದು ಹೊರಟಿದ್ದರೆ ಬೇರೆ ಕಥೆಯಾಗುತ್ತಿತ್ತು.

2025ರಲ್ಲಿ ಆದ ಒಂದು ಬದಲಾವಣೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಭಕ್ಷೀಸಿನ ಮೇಲೆ ತೆರಿಗೆಯೇ ಇಲ್ಲವಂತೆ ಎಂಬ ಮಾತು ಅರ್ಧ ನಿಜ. 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರಿನವರೆಗಿನ ಭಕ್ಷೀಸಿಗೆ ಕೇಂದ್ರ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೇಳಬಹುದು, ಹೋಸ್ಟ್‌ಗಳೂ ಆ ಪಟ್ಟಿಯಲ್ಲಿದ್ದಾರೆ. ಮೇಲೆ ಹೇಳಿದ 7.65 ಶೇಕಡಾ ಕಡಿತ ಮಾತ್ರ ಹಾಗೆಯೇ ಉಳಿಯುತ್ತದೆ. ಬಿಲ್ಲಿನಲ್ಲಿ ಕಡ್ಡಾಯವಾಗಿ ಸೇರಿಸಿದ ಸೇವಾಶುಲ್ಕಕ್ಕೂ ಈ ವಿನಾಯಿತಿ ಅನ್ವಯಿಸುವುದಿಲ್ಲ. ಹೋಸ್ಟ್‌ನ ಭಕ್ಷೀಸಿನ ಪಾಲು ಸಣ್ಣದಾದ್ದರಿಂದ ಲಾಭವೂ ಸಣ್ಣದೇ.

ನಾನು ದುಡಿದ ಹೋಟೆಲೊಂದರಲ್ಲಿ ಭಕ್ಷೀಸಿನ ಡಬ್ಬಿಯಿಂದ ಮ್ಯಾನೇಜರ್ ತನ್ನ ಪಾಲನ್ನೂ ತೆಗೆದಿಟ್ಟುಕೊಳ್ಳುತ್ತಿದ್ದ. 2018ರ ಕೇಂದ್ರ ಕಾನೂನಿನ ಪ್ರಕಾರ ಮಾಲೀಕರಾಗಲಿ ಮ್ಯಾನೇಜರುಗಳಾಗಲಿ ನೌಕರರ ಭಕ್ಷೀಸನ್ನು ಮುಟ್ಟುವಂತಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಿದ ಮರುವಾರವೇ ನನ್ನ ಗಂಟೆಗಳು ಇಪ್ಪತ್ನಾಲ್ಕರಿಂದ ಒಂಬತ್ತಕ್ಕೆ ಇಳಿದವು. ಕಾರ್ಮಿಕ ಇಲಾಖೆಯ ವೇತನ ಮತ್ತು ಕೆಲಸದ ಅವಧಿಯ ವಿಭಾಗಕ್ಕೆ ದೂರು ಕೊಡಬಹುದಿತ್ತು, ಎರಡು ವರ್ಷದವರೆಗೆ ಅವಕಾಶವಿರುತ್ತದೆ. ಕೊಡಲಿಲ್ಲ. ವೀಸಾದ ಮೇಲಿರುವವರಿಗೆ ಸರ್ಕಾರಿ ಕಚೇರಿಯ ಮೆಟ್ಟಿಲೆಂದರೆ ಅಕಾರಣ ಭಯ. ಈಗ ನೆನೆದರೆ ನನ್ನ ಮೇಲೆಯೇ ಬೇಸರವಾಗುತ್ತದೆ.

ಹೂಸ್ಟನ್‌ನಲ್ಲಿರುವ ನನ್ನ ನಾದಿನಿಯ ಮಗಳದು ಬೇರೆಯೇ ಚಿತ್ರ. ಇಲ್ಲಿಯೇ ಹುಟ್ಟಿದವಳು, ಹದಿನಾರು ತುಂಬುತ್ತಿದ್ದಂತೆ ಶುಗರ್‌ಲ್ಯಾಂಡ್‌ನ ಹೋಟೆಲೊಂದರಲ್ಲಿ ವಾರಾಂತ್ಯದ ಹೋಸ್ಟೆಸ್ ಆದಳು. ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಇದು ಮೊದಲ ಉದ್ಯೋಗಗಳಲ್ಲೊಂದು. ಇಪ್ಪತ್ತು ವರ್ಷದೊಳಗಿನವರಿಗೆ ಮೊದಲ 90 ದಿನ ಗಂಟೆಗೆ 4.25 ಡಾಲರ್ ಕೊಟ್ಟರೂ ಕಾನೂನು ಒಪ್ಪುತ್ತದೆ, ಆದರೆ ಆ ದರಕ್ಕೆ ಯಾರೂ ಬರುವುದಿಲ್ಲವಾದ್ದರಿಂದ ಕೊಡುವವರನ್ನು ನಾನು ಕಂಡಿಲ್ಲ. ಅಜ್ಜ ಅಜ್ಜಿ ಊರಿನಿಂದ ಬಂದಾಗ ಮೊಮ್ಮಗಳು ಯಾರ ಯಾರನ್ನೋ ನಗುತ್ತ ಎದುರುಗೊಳ್ಳುವುದನ್ನು ನೋಡಿ ಮೊದಲು ಮುಖ ಗಂಟಿಕ್ಕಿದರಂತೆ. ಆಮೇಲೆ ಮೂವತ್ತು ಜನ ಕಾಯುತ್ತಿರುವಾಗ ಅವಳು ಒಬ್ಬೊಬ್ಬರ ಹೆಸರನ್ನೂ ನೆನಪಿಟ್ಟು ಕರೆಯುವ ರೀತಿಯನ್ನು ಕಂಡು ಅಜ್ಜ ಮನೆಗೆ ಬರುವವರೆಗೂ ಅದನ್ನೇ ಹೇಳುತ್ತಿದ್ದರಂತೆ.

ಅದೇ ಹೂಸ್ಟನ್‌ನ ಹಿಲ್‌ಕ್ರಾಫ್ಟ್ ರಸ್ತೆಯ ಸುತ್ತಲಿನ ಪ್ರದೇಶಕ್ಕೆ 2010ರಿಂದ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಹೆಸರಿದೆ. ಸೀರೆ, ಚಿನ್ನ, ದಿನಸಿ, ದೋಸೆ ಎಲ್ಲ ಒಂದೇ ಕಡೆ. ಊರಿನವರು ಸಹಜವಾಗಿಯೇ ‘ನಮ್ಮವರ ಹೋಟೆಲಿನಲ್ಲಿ ಸುಲಭವಾಗಿ ಕೆಲಸ ಸಿಕ್ಕೀತು’ ಎಂದುಕೊಳ್ಳುತ್ತಾರೆ. ಸಣ್ಣ ಭಾರತೀಯ ಹೋಟೆಲುಗಳಲ್ಲಿ ಹೋಸ್ಟ್ ಎಂಬ ಪ್ರತ್ಯೇಕ ಹುದ್ದೆ ಇರುವುದೇ ಕಡಿಮೆ. ಗಲ್ಲಾದಲ್ಲಿ ಕುಳಿತ ಮಾಲೀಕರೋ ಅವರ ಮನೆಯವರೋ ಕೈ ತೋರಿಸಿ ಕೂರಿಸುತ್ತಾರೆ. ಈ ಕೆಲಸಕ್ಕೆ ನಿಜವಾದ ಘನತೆ ಇರುವುದು ದುಬಾರಿ ಹೋಟೆಲುಗಳಲ್ಲಿ. ಮಿಶೆಲಿನ್ ಗೈಡ್ 2024ರ ನವೆಂಬರಿನಲ್ಲಿ ಮೊದಲ ಬಾರಿಗೆ ಟೆಕ್ಸಸ್‌ನ ಹೋಟೆಲುಗಳಿಗೆ ತಾರೆಗಳನ್ನು ಕೊಟ್ಟಿತು. ಹೂಸ್ಟನ್‌ನ ಗ್ಯಾಲರಿಯಾದಲ್ಲಿರುವ ಭಾರತೀಯ ಹೋಟೆಲು ‘ಮುಸಾಫಿರ್’ ಅವುಗಳಲ್ಲೊಂದು. ಅಂಥ ಕಡೆ ಕಾಯ್ದಿರಿಸುವಿಕೆ ನೋಡಿಕೊಳ್ಳುವುದು, ಹಳೆಯ ಗಿರಾಕಿಗಳ ಅಭಿರುಚಿ ನೆನಪಿಡುವುದು ಒಂದು ವೃತ್ತಿಯೇ ಹೌದು, ಅಲ್ಲಿಂದ ಮ್ಯಾನೇಜರ್ ಹುದ್ದೆಗೆ ದಾರಿಯಿದೆ.

ಆಸ್ಟಿನ್‌ನಲ್ಲಿ ನನ್ನ ಗೆಳತಿಯೊಬ್ಬಳು ಸೌತ್ ಕಾಂಗ್ರೆಸ್ ರಸ್ತೆಯ ಹೋಟೆಲಿನಲ್ಲಿದ್ದಾಳೆ. ಅವಳದು ಎಲ್-2 ವೀಸಾ. 2021ರ ನವೆಂಬರಿನಿಂದ ಎಲ್-2 ಪತಿ ಪತ್ನಿಯರಿಗೆ ಪ್ರತ್ಯೇಕ ಪರವಾನಗಿ ಕಾರ್ಡು ಬೇಕಿಲ್ಲ. ಆ ವಿಷಯದಲ್ಲಿ ನನಗೆ ಅವಳನ್ನು ಕಂಡರೆ ಸಣ್ಣ ಅಸೂಯೆಯಿದೆ. ಆಸ್ಟಿನ್‌ನ ಕೆಲಸಕ್ಕೆ ಏರಿಳಿತ ಜಾಸ್ತಿ. ಮಾರ್ಚಿನಲ್ಲಿ ಸೌತ್ ಬೈ ಸೌತ್‌ವೆಸ್ಟ್ ಉತ್ಸವ, ಅಕ್ಟೋಬರಿನಲ್ಲಿ ಸಂಗೀತೋತ್ಸವ ಮತ್ತು ಫಾರ್ಮುಲಾ ಒನ್ ಕಾರು ಪಂದ್ಯ, ಶರತ್ಕಾಲದ ಶನಿವಾರಗಳಲ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲು. ಆ ದಿನಗಳಲ್ಲಿ ಬಾಗಿಲ ಬಳಿ ಮೂವರು ಹೋಸ್ಟ್‌ಗಳಿದ್ದರೂ ಸಾಲದು. ವಿದ್ಯಾರ್ಥಿಗಳು ಊರು ಬಿಡುವ ಬೇಸಿಗೆಯಲ್ಲಿ ಗಂಟೆಗಳು ಕರಗುತ್ತವೆ. ಆ ನಗರದ ಒಂದು ವೈಚಿತ್ರ್ಯವೆಂದರೆ 2024ರಲ್ಲಿ ಮಿಶೆಲಿನ್ ತಾರೆ ಪಡೆದ ಅಲ್ಲಿನ ಏಳು ಹೋಟೆಲುಗಳಲ್ಲಿ ಮೂರು ಬಾರ್ಬೆಕ್ಯೂ ಹೋಟೆಲುಗಳು. ಅಲ್ಲಿ ಸಾಲಿನಲ್ಲಿ ನಿಂತು ನೀವೇ ತಟ್ಟೆ ತರಬೇಕು. ದೋಸೆಗಾಗಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮುಂದೆ ನಿಂತು ರೂಢಿಯಾದ ನಮಗೆ ಅದು ಅಪಮಾನವಲ್ಲ.

ಈಗ ಭಾವನವರ ಮೊದಲ ಪ್ರಶ್ನೆಗೆ ಬರುತ್ತೇನೆ. ಹುಡುಗ ಬಂದಿರುವುದು ಎಫ್-1 ವಿದ್ಯಾರ್ಥಿ ವೀಸಾದಲ್ಲಿ. ತರಗತಿಗಳು ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ವಿಶ್ವವಿದ್ಯಾಲಯದ ಆವರಣದೊಳಗೆ ಅವನು ದುಡಿಯಬಹುದು. ಅಲ್ಲಿನ ಕ್ಯಾಂಟೀನೂ ಅದರಲ್ಲಿ ಸೇರುತ್ತದೆ. ಆವರಣದ ಹೊರಗೆ ಓದಿಗೆ ಸಂಬಂಧಿಸಿದ ತರಬೇತಿಗೆ ಮಾತ್ರ ಅನುಮತಿ. ಕಂಪ್ಯೂಟರ್ ಓದುವವನು ಹೋಟೆಲಿನ ಬಾಗಿಲಲ್ಲಿ ನಿಲ್ಲುವುದು ಅದರಲ್ಲಿ ಬರುವುದಿಲ್ಲ. ‘ಲೆಕ್ಕದಲ್ಲಿ ತೋರಿಸದೆ ಕೈಗೆ ನಗದು ಕೊಡುತ್ತಾರಂತಲ್ಲ’ ಎಂದು ಭಾವನವರು ಮೆಲ್ಲಗೆ ಕೇಳಿದರು. ಕೊಡುವವರು ಮೂರೂ ನಗರಗಳಲ್ಲಿದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಗಂಟೆಗೆ ಐದೋ ಆರೋ ಡಾಲರ್ ಕೊಟ್ಟು, ವಾರಗಟ್ಟಲೆ ಬಾಕಿ ಇಟ್ಟುಕೊಂಡರೆ ಕೇಳುವುದು ಯಾರನ್ನು? ಸಿಕ್ಕಿಬಿದ್ದರೆ ಹೋಗುವುದು ಅವನ ವಿದ್ಯಾರ್ಥಿ ಸ್ಥಾನಮಾನ. ಬೇರೆ ಕೆಲವು ತಪ್ಪುಗಳಿಗಾದರೆ ಸ್ಥಾನಮಾನವನ್ನು ಮರಳಿ ಕೊಡಿರೆಂದು ಅರ್ಜಿ ಹಾಕಬಹುದು. ಅನುಮತಿಯಿಲ್ಲದೆ ದುಡಿದವರಿಗೆ ಆ ಬಾಗಿಲೂ ಮುಚ್ಚಿರುತ್ತದೆ. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ.

ಇನ್ನೂ ಊರಿನಲ್ಲಿಯೇ ಇದ್ದು ಇದೇ ಕೆಲಸಕ್ಕೆಂದು ಬರಲು ಬಯಸುವವರಿಗೂ ಒಂದು ಮಾತು. ಹೋಸ್ಟ್ ಕೆಲಸಕ್ಕೆ ಎಚ್-1ಬಿ ಸಿಗುವುದಿಲ್ಲ, ಅದು ಪದವಿ ಬೇಡುವ ವಿಶೇಷ ವೃತ್ತಿಗಳಿಗೆ. ಕೌಶಲ ಬೇಡದ ಕೆಲಸಗಳಿಗೂ ಗ್ರೀನ್ ಕಾರ್ಡಿನ ಒಂದು ವರ್ಗವಿದೆ, ಆದರೆ ಭಾರತದಲ್ಲಿ ಹುಟ್ಟಿದವರ ಸರದಿ ಅಲ್ಲಿ ದಶಕವನ್ನೂ ಮೀರುತ್ತದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಜೆ-1 ತರಬೇತಿ ವೀಸಾ ಒಂದು ನಿಜವಾದ ದಾರಿ. ಆತಿಥ್ಯ ಕ್ಷೇತ್ರದಲ್ಲಿ ಅದರ ಅವಧಿ ಹೆಚ್ಚೆಂದರೆ 12 ತಿಂಗಳು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತರಬೇತಿಯಾದರೆ ಕನಿಷ್ಠ ಮೂರು ವಿಭಾಗಗಳಲ್ಲಿ ಕಲಿಸಲೇಬೇಕು. ಬಾಗಿಲ ಬಳಿಯ ಮೇಜು ಅವುಗಳಲ್ಲೊಂದಾಗಬಹುದು ಅಷ್ಟೆ. ಇದರ ಹೊರತಾಗಿ ‘ಟೆಕ್ಸಸ್‌ನಲ್ಲಿ ಹೋಸ್ಟ್ ಕೆಲಸ, ವೀಸಾ ಖಚಿತ’ ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಹಾಗಾದರೆ ಯಾರಿಗೆ ಇದು ಆಗಬರುತ್ತದೆ? ಪೌರರಿಗೆ, ಗ್ರೀನ್ ಕಾರ್ಡಿನವರಿಗೆ, ನನ್ನಂಥ ಪರವಾನಗಿ ಕಾರ್ಡಿನವರಿಗೆ, ಎಲ್-2 ದಂಪತಿಗಳಿಗೆ. ಮಗನೋ ಮಗಳೋ ಪೌರರಾಗಿ ಗ್ರೀನ್ ಕಾರ್ಡ್ ಕೊಡಿಸಿ ಕರೆಸಿಕೊಂಡ ಅರವತ್ತರ ತಂದೆಯೊಬ್ಬರು ನಮ್ಮ ಹೋಟೆಲಿನ ಹಗಲು ಪಾಳಿಯಲ್ಲಿದ್ದಾರೆ. ಮಧ್ಯಾಹ್ನ ಬರುವ ವೃದ್ಧ ದಂಪತಿಗಳು ಅವರನ್ನೇ ಕೇಳಿಕೊಂಡು ಬರುತ್ತಾರೆ. ಇಂಗ್ಲಿಷಿನ ಉಚ್ಚಾರಣೆ ಹೇಗಿರಬೇಕೆಂದು ಜನ ಕೇಳುತ್ತಾರೆ. ಉಚ್ಚಾರಣೆಗಿಂತ ಕಿವಿ ಮುಖ್ಯ. ಫೋನಿನಲ್ಲಿ ಹೇಳಿದ ಹೆಸರು, ಸಂಖ್ಯೆ ತಪ್ಪಾಗಬಾರದು. ಕಾಯಬೇಕಾದ ಹೊತ್ತನ್ನು ಪ್ರಾಮಾಣಿಕವಾಗಿ ಹೇಳಬೇಕು. ಇಪ್ಪತ್ತು ನಿಮಿಷವೆಂದು ಹೇಳಿ ನಲವತ್ತು ಕಾಯಿಸಿದರೆ ಅವರು ಮತ್ತೆ ಬರುವುದಿಲ್ಲ; ನಲವತ್ತೆಂದು ಹೇಳಿ ಇಪ್ಪತ್ತಕ್ಕೇ ಕರೆದರೆ ಅಷ್ಟರಲ್ಲಿ ಪಕ್ಕದ ಹೋಟೆಲಿಗೆ ಹೋಗಿರುತ್ತಾರೆ. ಈಗ ಮೊಬೈಲಿನಲ್ಲಿಯೇ ಜಾಗ ಕಾಯ್ದಿರಿಸುವ ಓಪನ್‌ಟೇಬಲ್, ರೆಸಿಯಂಥ ವ್ಯವಸ್ಥೆಗಳು ಬಂದು ಫೋನಿನ ಕೆಲಸ ಇಳಿದಿದೆ. ಮಗು ಅಳುತ್ತಿರುವ ಕುಟುಂಬವನ್ನು ಯಾವ ಮೂಲೆಯಲ್ಲಿ ಕೂರಿಸಬೇಕೆಂಬುದು ಮಾತ್ರ ಅವಕ್ಕೆ ಇನ್ನೂ ತಿಳಿದಿಲ್ಲ.

ಕೆಲಸದ ಅಭದ್ರತೆಯನ್ನೂ ಮರೆಮಾಚಲಾರೆ. 2020ರ ಮಾರ್ಚಿನಲ್ಲಿ ರಾಜ್ಯಾದ್ಯಂತ ಹೋಟೆಲುಗಳಲ್ಲಿ ಕುಳಿತು ತಿನ್ನುವುದನ್ನು ನಿಲ್ಲಿಸಿದಾಗ ಅಡುಗೆಯವರು ಪಾರ್ಸೆಲಿಗೆಂದು ಉಳಿದರು, ಬಾಗಿಲಿನವರು ಮೊದಲು ಹೊರಬಿದ್ದರು. ಮೇ 1ರಂದು ಕಾಲುಭಾಗ ಜನಕ್ಕೆ ಮಾತ್ರ ಅವಕಾಶವಿತ್ತು ಬಾಗಿಲು ತೆರೆದರೂ, ನನ್ನನ್ನು ಮರಳಿ ಕರೆದದ್ದು ಮರುವರ್ಷ. ಈಗ ಇನ್ನೊಂದು ಹೋಟೆಲಿನಲ್ಲಿ ವಾರಕ್ಕೆ ನಾಲ್ಕು ಸಂಜೆ ಹೋಸ್ಟ್‌ಗಳ ಮೇಲ್ವಿಚಾರಕಿಯಾಗಿದ್ದೇನೆ.

ಭಾವನವರಿಗೆ ಅಂದು ಆಗುವುದಿಲ್ಲವೆಂದೆ. ಅವರು ಬೇಸರಿಸಿಕೊಂಡು ಫೋನಿಟ್ಟರು. ಆಮೇಲಿನ ಎರಡು ವಾರ ಅತ್ತಿಗೆಯ ಶುಭೋದಯದ ಸಂದೇಶಗಳೂ ನಿಂತವು. ಹುಡುಗನನ್ನೇ ಮನೆಗೆ ಊಟಕ್ಕೆ ಕರೆದೆವು. ಮಾತಿನ ನಡುವೆ ಅವನು ಶುಕ್ರವಾರಗಳಂದು ನಗದಿಗೆ ಒಂದು ಕಡೆ ಹೋಗಲು ಆಗಲೇ ಒಪ್ಪಿಕೊಂಡಿದ್ದಾನೆಂದು ತಿಳಿಯಿತು, ಮರುವಾರದಿಂದ ಆರಂಭವಂತೆ. ನನ್ನವರು ರಾತ್ರಿ ಒಂದು ಗಂಟೆಯವರೆಗೆ ಅವನೊಂದಿಗೆ ಕುಳಿತರು. ಅವನು ಹೋಗಲಿಲ್ಲ.

ಅವನಿಗೆ ತಿಳಿಯದಿದ್ದ ಒಂದು ದಾರಿಯಿತ್ತು. ಒಂದು ಪೂರ್ಣ ಶೈಕ್ಷಣಿಕ ವರ್ಷ ಮುಗಿಸಿದ ಎಫ್-1 ವಿದ್ಯಾರ್ಥಿಗೆ, ಊರಿನಲ್ಲಿ ಓದಿನ ಖರ್ಚು ನೋಡಿಕೊಳ್ಳುವವರ ಹಣಕಾಸಿನ ಸ್ಥಿತಿ ಅನಿರೀಕ್ಷಿತವಾಗಿ ಕುಸಿದರೆ, ತೀವ್ರ ಆರ್ಥಿಕ ಸಂಕಷ್ಟದ ಆಧಾರದ ಮೇಲೆ ಹೊರಗೆ ವಾರಕ್ಕೆ 20 ಗಂಟೆ ದುಡಿಯಲು ಪರವಾನಗಿ ಕೇಳಬಹುದು. ಅದು ಓದಿಗೆ ಸಂಬಂಧಿಸಿದ ಕೆಲಸವೇ ಆಗಬೇಕೆಂದಿಲ್ಲ. ಹೋಟೆಲಿನ ಬಾಗಿಲೂ ಆದೀತು. ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅಧಿಕಾರಿಯ ಶಿಫಾರಸು ಬೇಕು, ಸಂಕಷ್ಟಕ್ಕೆ ದಾಖಲೆ ಬೇಕು, ಆಮೇಲೆ ವಲಸೆ ಇಲಾಖೆಯ ತೀರ್ಮಾನ. ಎಲೆಚುಕ್ಕಿ ರೋಗಕ್ಕೆ ದಾಖಲೆ ಎಲ್ಲಿಂದ ತರುವುದು? ಭಾವನವರಿಗೆ ನಾನೇ ಮತ್ತೆ ಫೋನು ಮಾಡಿದೆ. ತೋಟಗಾರಿಕೆ ಇಲಾಖೆಯ ಪತ್ರ, ಸೊಸೈಟಿಯಲ್ಲಿ ಅಡಿಕೆ ಮಾರಿದ ಮೂರು ವರ್ಷದ ರಸೀದಿಗಳು, ಬ್ಯಾಂಕಿನ ನೋಟೀಸು ಇವೆಲ್ಲ ಒಂದು ತಿಂಗಳಲ್ಲಿ ಬಂದವು. ರಸೀದಿಗಳನ್ನು ಇಂಗ್ಲಿಷಿಗೆ ಅನುವಾದಿಸಿದ್ದು ನಾನು. ಕ್ವಿಂಟಲಿನ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುವುದನ್ನು ಬರೆಯುತ್ತ ಹೋದಾಗ ಭಾವನವರ ಆ ದಿನದ ಮೌನ ಅರ್ಥವಾಯಿತು.

ಅರ್ಜಿ ಈಗ ಇಲಾಖೆಯಲ್ಲಿದೆ. ಹುಡುಗ ಆವರಣದ ಕ್ಯಾಂಟೀನಿನಲ್ಲಿ ವಾರಕ್ಕೆ 20 ಗಂಟೆ ತಟ್ಟೆ ಜೋಡಿಸುತ್ತಿದ್ದಾನೆ.

ನನ್ನ ಅರ್ಜಿಯೂ ಅಲ್ಲಿಯೇ ಇದೆ. ನನ್ನ ಪರವಾನಗಿ ಕಾರ್ಡಿನ ಅವಧಿ ಮುಗಿಯುತ್ತ ಬಂದಿದೆ. ಮೊದಲೆಲ್ಲ ಸಮಯಕ್ಕೆ ಸರಿಯಾಗಿ ನವೀಕರಣ ಕೇಳಿದ್ದರೆ ಹೊಸ ಕಾರ್ಡು ಬರುವವರೆಗೆ ಹಳೆಯದೇ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹೊಸದಾಗಿ ನವೀಕರಣ ಕೇಳುವವರಿಗೆ ಆ ಅನುಕೂಲ ಇಲ್ಲ. ನಾನು ಕೇಳಿದ್ದು ನವೆಂಬರಿನಲ್ಲಿ. ಮುಂದಿನ ತಿಂಗಳ ಪಾಳಿಯ ಪಟ್ಟಿಯಲ್ಲಿ ನನ್ನ ಹೆಸರನ್ನು ಹದಿನಾಲ್ಕನೆಯ ತಾರೀಖಿನವರೆಗೆ ಬರೆದು, ಅಲ್ಲಿಂದ ಮುಂದಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದಾರೆ.